ಬಾಯಿಲ್ಲದ ಟೈರು

ಕೆ.ಆರ್. ಪುರಂ ಮಾರ್ಕೆಟ್ಟಿನ ಪಂಕ್ಚರ್ ಅಂಗಡಿಯವನು ನನ್ನ ಸೈಕಲ್ಲಿನ ಹಿಂದಿನ ಚಕ್ರವನ್ನು ಎರಡು ಸಲ ತಿರುಗಿಸಿ ನೋಡಿ, "ಇದಕ್ಕೆ ಬಾಯೇ ಇಲ್ವಲ್ಲಮ್ಮ, ಎಲ್ಲಿಂದ ಬಿಚ್ಲಿ?" ಎಂದ. ಲಿವರ್ ತೂರಿಸಿ ಎಬ್ಬಿಸೋಣವೆಂದರೆ ಟೈರಿಗೆ ಅಂಚೇ ಇರಲಿಲ್ಲ. ಸುತ್ತಲೂ ಮುಚ್ಚಿಕೊಂಡು ರಿಮ್ಮಿಗೆ ಕಚ್ಚಿಕೊಂಡಿತ್ತು. ಅವನಿಗೆ ಗೊತ್ತಿದ್ದಷ್ಟೂ ನನಗೆ ಗೊತ್ತಿರಲಿಲ್ಲ. ಆ ರೇಸ್ ಸೈಕಲ್ ನನ್ನ ಕೈಗೆ ಬಂದು ಆಗ ನಾಲ್ಕೇ ದಿನ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಪ್ಪ ಅವ್ವ ಯಾದಗಿರಿ ಕಡೆಯಿಂದ ಬಂದವರು, ಅಪ್ಪನಿಗೆ ಸೆಂಟ್ರಿಂಗ್ ಕೆಲಸ. ರೈಲ್ವೆ ಸ್ಟೇಷನ್ ಹಿಂದಿನ ವಠಾರದಲ್ಲಿ ಒಂದು ರೂಮಿನ ಬಾಡಿಗೆ ಮನೆ. ನಾನು ಕಾಲೇಜಿಗೆ ಕಲ್ಲು ಕಟ್ಟಿದ ಹಾಗೆ ಭಾರದ ಒಂದು ಹಳೇ ಅಟ್ಲಾಸ್ ಸೈಕಲ್ ತುಳಿದು ಹೋಗುತ್ತಿದ್ದುದನ್ನು ನೋಡಿ, ಓಲ್ಡ್ ಮದ್ರಾಸ್ ರಸ್ತೆಯಲ್ಲಿ ಹುಡುಗರಿಗೆ ಸೈಕಲ್ ರೇಸಿನ ತರಬೇತಿ ಕೊಡುತ್ತಿದ್ದ ಕೋಚ್ ಒಬ್ಬರು ಒಂದು ದಿನ ನಿಲ್ಲಿಸಿ ಮಾತಾಡಿಸಿದರು. ಯಾರೋ ಬಿಟ್ಟುಹೋಗಿದ್ದ ರೇಸ್ ಸೈಕಲ್ ಕೊಟ್ಟರು. ಅದರ ಟೈರನ್ನು ಟ್ಯೂಬುಲರ್ ಅನ್ನುತ್ತಿದ್ದರು. ಒಳಗೆ ಟ್ಯೂಬಿಟ್ಟು ಮೇಲೆ ಟೈರನ್ನೇ ಹೊಲಿದುಬಿಟ್ಟಿರುತ್ತಾರೆ, ಹೊಲಿಗೆಯ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ, ಆ ಪಟ್ಟಿಯನ್ನು ರಿಮ್ಮಿಗೆ ಸಲ್ಯೂಷನ್ ಹಚ್ಚಿ ಕೂರಿಸಿರುತ್ತಾರೆ. ಹಗುರ, ಗಾಳಿಯ ಹಾಗೆ ಓಡುತ್ತದೆ. ಪಂಕ್ಚರ್ ಆದರೆ ಮಾತ್ರ ಕಥೆ ಮುಗಿಯಿತು.

ಕೋಚ್ ಹತ್ತಿರ ಕಲಿಯುತ್ತಿದ್ದವರಲ್ಲಿ ಹೆಣ್ಣುಮಕ್ಕಳೆಂದರೆ ನಾವಿಬ್ಬರೇ. ಇನ್ನೊಬ್ಬಳು ಹಲಸೂರಿನವಳು. ಮನೆಮಾತು ತಮಿಳು, ಗೋಡೆಯ ಮೇಲೆ ಬುದ್ಧನ ಪಟ, ಅದರ ಮುಂದೆ ದಿನಾ ಸಂಜೆ ಅವಳಮ್ಮ ಹಚ್ಚುವ ದೀಪ. ನನಗಿಂತ ಒಂದು ವರ್ಷ ದೊಡ್ಡವಳು, ನನಗಿಂತ ಜೋರು. ಹೊಸಕೋಟೆ ಕಡೆಯ ಏರಿನಲ್ಲಿ ನಾನು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅವಳು ಹಿಂತಿರುಗಿ ಮಾತಾಡಿಸುತ್ತಿದ್ದಳು. ಇಬ್ಬರ ಸೈಕಲ್ಲುಗಳೂ ಒಂದೇ ವಯಸ್ಸಿನವು. ಇಬ್ಬರಿಗೂ ಸೇರಿ ಹೆಚ್ಚಿಗೆ ಇದ್ದದ್ದು ಒಂದೇ ಒಂದು ಟೈರು.

ಕೋಚ್ ನಮ್ಮನ್ನು ಶಿವಾಜಿನಗರಕ್ಕೆ ಕಳಿಸಿದರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದುಕರು ಗೋಡೆಗೆ ಒರಗಿ ಕೂತು ಫುಟ್‌ಬಾಲ್ ಹೊಲಿಯುತ್ತಿದ್ದರು. ಹಲಸೂರು, ಆಸ್ಟಿನ್ ಟೌನಿನ ಹುಡುಗರ ಚೆಂಡುಗಳೆಲ್ಲ ಅವರ ಹತ್ತಿರವೇ ಬರುತ್ತಿದ್ದವು. ನಾವು ಚಾಚಾ ಅನ್ನುತ್ತಿದ್ದೆವು. ಟೈರನ್ನು ಕಿವಿಯ ಹತ್ತಿರ ಹಿಡಿದು ಒತ್ತಿದರು, ಪಟ್ಟಿಯನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ ನೋಡಿದರು.

"ಒಳಗೆ ಬ್ಲಾಡರು, ಮೇಲೆ ಹೊಲಿಗೆ. ಚೆಂಡನ್ನ ಉದ್ದ ಎಳೆದವ್ರೆ, ಅಷ್ಟೇ ಬೇಟಿ," ಎಂದರು.

ಅವರು ಹೊಲಿದುಕೊಡಲಿಲ್ಲ, ಕಲಿಸಿಕೊಟ್ಟರು. ಕಣ್ಣು ಮಂಜಾಗಿತ್ತು, ಇಷ್ಟು ಸಣ್ಣ ಹೊಲಿಗೆ ತಮಗೆ ಇನ್ನು ಆಗದು ಎಂದರು. ಕಷ್ಟದ ಕೆಲಸವೆಂದರೆ ತೂತು ಎಲ್ಲಿದೆ ಎಂದು ಕಂಡುಹಿಡಿಯುವುದು. ಬೇಸನ್ನಿನ ನೀರಿಗೆ ಅದ್ದಿದರೆ ಗುಳ್ಳೆ ತೂತಿನ ಹತ್ತಿರ ಬರುವುದಿಲ್ಲ. ಗಾಳಿ ಒಳಗೊಳಗೇ ಹರಿದು ವಾಲ್ವಿನ ಬುಡದಲ್ಲೋ ಹೊಲಿಗೆಯ ಸಂದಿಯಲ್ಲೋ ಹೊರಬರುತ್ತದೆ. ಅಂದಾಜಿನ ಮೇಲೆ ನಾಲ್ಕು ಬೆರಳಷ್ಟು ಹೊಲಿಗೆ ಬಿಚ್ಚಬೇಕು, ಟ್ಯೂಬಿನ ಸ್ವಲ್ಪ ಭಾಗ ಎಳೆದು ಪ್ಯಾಚ್ ಹಾಕಬೇಕು, ಮತ್ತೆ ಹಳೇ ತೂತುಗಳಲ್ಲೇ ಮೇಣದ ದಾರ ಹಾಯಿಸಬೇಕು. ಸೂಜಿ ಟ್ಯೂಬಿಗೆ ತಾಗಿತೋ, ಎಲ್ಲ ಮೊದಲಿಂದ.

ಮೊದಲನೇ ಸಲ ತಾಗಿಸಿದೆ. ಎರಡನೇ ಸಲವೂ. ಮೂರನೇ ಸಲ ಗಾಳಿ ತುಂಬಿ, ನಿಂತಿತು ಅಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಟೈರು ಸತ್ತ ಹಲ್ಲಿಯ ಹಾಗೆ ಚಪ್ಪಟೆ. ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಊರಲ್ಲಿ ಕೌದಿ ಹೊಲಿದು ಪಳಗಿದ್ದ ಅವ್ವ ನನ್ನ ಕೈಯಿಂದ ಸೂಜಿ ತೆಗೆದುಕೊಂಡಳು. "ಹಿಂಗ ನೂಕಬ್ಯಾಡ. ಕೆಳಗ ನಿನ್ನ ಬೆರಳಿಟ್ಟು ಕಾಯಿ," ಎಂದಳು. ಬಟ್ಟೆಗೂ ಟ್ಯೂಬಿಗೂ ನಡುವೆ ಎಡಗೈ ಬೆರಳು ತೂರಿಸಿ ಹೊಲಿಯತೊಡಗಿದೆ. ಆಮೇಲೆ ಸೂಜಿ ನನಗೆ ಚುಚ್ಚಿತು, ಟ್ಯೂಬಿಗೆ ಚುಚ್ಚಲಿಲ್ಲ.

ಕಲಿತೆನೆಂದು ನೆಮ್ಮದಿಯೇನೂ ಸಿಗಲಿಲ್ಲ. ಟಿನ್ ಫ್ಯಾಕ್ಟರಿಯಿಂದಾಚೆ ರಸ್ತೆಯ ಎರಡೂ ಬದಿ ಲಾರಿ ಗ್ಯಾರೇಜುಗಳು, ಡಾಂಬರಿನ ಮೇಲೆ ಕಬ್ಬಿಣದ ಚೂರು, ಲೇತ್ ಮಷೀನಿನಿಂದ ಬಿದ್ದ ಲೋಹದ ಸುರುಳಿ, ಒಡೆದ ಗಾಜು. ಬೇಸಿಗೆಯಲ್ಲಿ ವಾರಕ್ಕೆ ಮೂರು ಪಂಕ್ಚರ್ ಆದದ್ದಿದೆ. ಒಂದೊಂದಕ್ಕೆ ಎರಡು ದಿನ: ಹೊಲಿಯಲು ಒಂದು, ಅಂಟಿಸಿದ್ದು ಒಣಗಲು ಒಂದು. ತುಳಿದದ್ದಕ್ಕಿಂತ ಸೈಕಲ್ ಹೆಗಲ ಮೇಲೆ ಹೊತ್ತು ನಡೆದದ್ದೇ ಹೆಚ್ಚು ಅನ್ನಿಸುತ್ತಿತ್ತು. ಹೊತ್ತುಕೊಂಡು ಬರುವಾಗ ಬಸ್ಸಿನ ಕಿಟಕಿಗಳಿಂದ ಜನ ನೋಡುತ್ತಿದ್ದರು. ಹಿಂದಿನ ದಿನ ಹಾಕಿದ ಪ್ಯಾಚಿನ ಪಕ್ಕದಲ್ಲೇ ಮುಳ್ಳು ಸಿಕ್ಕರೆ, ಇದು ನನ್ನಂಥವಳು ಮಾಡುವ ಕೆಲಸವಲ್ಲ ಎಂದು ಯಾರೋ ಬೇಕೆಂದೇ ಹೇಳಿದಂತೆ ಕೇಳಿಸುತ್ತಿತ್ತು.

ಕೋಚ್ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅಂಟಿಸಿದ ಮೇಲೆ ಪೂರ್ತಿ ಒಂದು ದಿನ ಮುಟ್ಟಬಾರದು. ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ, ತಿರುವಿನಲ್ಲಿ ವಾಲಿದಾಗ ಹಸಿ ಟೈರು ರಿಮ್ ಬಿಟ್ಟು ಕಳಚಿಕೊಳ್ಳುತ್ತದೆ.

ಆ ಜೂನಿನಲ್ಲಿ ರಾಜ್ಯ ತಂಡದ ಆಯ್ಕೆಗೆ ಸೈಕಲ್ ಓಟ. ಹುಡುಗಿಯರಲ್ಲಿ ಇಬ್ಬರನ್ನು ತೆಗೆದುಕೊಳ್ಳುತ್ತಾರೆ ಎಂದಿದ್ದರು. ಬೇರೆ ಜಿಲ್ಲೆಗಳಿಂದ ಬರುವ ಹುಡುಗಿಯರು ಗಟ್ಟಿಗರು. ಆದರೂ ಹಲಸೂರಿನವಳು ಆಯ್ಕೆಯಾಗುತ್ತಾಳೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆಯ್ಕೆಯಾದರೆ ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಕೆಲಸ ಸಿಗಬಹುದೆಂದು ಅವಳ ಮನೆಯವರು ಆಸೆ ಇಟ್ಟುಕೊಂಡಿದ್ದರು.

ಓಟದ ಹಿಂದಿನ ದಿನ ಬೆಳಿಗ್ಗೆ, ಸುಮ್ಮನೆ ಕಾಲು ಬಿಡಿಸಿಕೊಳ್ಳಲು ಹೋದಾಗ, ಅವಳ ಮುಂದಿನ ಟೈರು ಪಂಕ್ಚರ್ ಆಯಿತು. ಹೆಚ್ಚಿಗೆ ಇದ್ದ ಟೈರು ಆಗಲೇ ನನ್ನ ಹಿಂದಿನ ಚಕ್ರದಲ್ಲಿತ್ತು. ಓಟ ಶುರುವಾಗುವ ಜಾಗ ನಮ್ಮ ಮನೆಗೇ ಹತ್ತಿರ. ಅವಳು ಸೈಕಲ್ಲನ್ನೂ ಬಿಚ್ಚಿದ ಚಕ್ರವನ್ನೂ ನನ್ನ ಹತ್ತಿರ ಬಿಟ್ಟು ಬಸ್ಸು ಹತ್ತಿದಳು. ನಾನು ಎರಡು ಸಲ ತಪ್ಪು ಜಾಗದಲ್ಲಿ ಹೊಲಿಗೆ ಬಿಚ್ಚಿ, ಮೂರನೇ ಸಲಕ್ಕೆ ತೂತು ಕಂಡುಕೊಂಡೆ. ಹೊಲಿದು, ಪಟ್ಟಿ ಹಾಕಿ, ರಿಮ್ಮಿಗೆ ಕೂರಿಸುವಾಗ ಸಂಜೆ ಐದಾಗಿತ್ತು. ಹೊರಗೆ ಸಣ್ಣಗೆ ಜಿನುಗುತ್ತಿತ್ತು. ಅವ್ವ ಅಡುಗೆ ಮಾಡುವಷ್ಟು ಹೊತ್ತೂ ಚಕ್ರವನ್ನು ಸ್ಟೋವಿನ ಕಾವು ತಾಗುವಂತೆ ಹಿಡಿದು ತಿರುಗಿಸುತ್ತಾ ಕೂತೆ.

ಬೆಳಿಗ್ಗೆ ಹೆಬ್ಬೆರಳಿನಿಂದ ಟೈರನ್ನು ಪಕ್ಕಕ್ಕೆ ಒತ್ತಿ ನೋಡಿದೆ. ಟೈರು ಜರುಗಿತು. ಹೆಚ್ಚೇನಲ್ಲ, ಅಕ್ಕಿಕಾಳಿನಷ್ಟು.

ಅವಳು ಚಕ್ರ ತೆಗೆದುಕೊಳ್ಳುತ್ತಾ, "ಒಣಗಿದ್ಯಾ?" ಎಂದಳು.

"ಒಣಗಿದೆ," ಎಂದೆ.

ಯಾಕೆ ಹಾಗೆಂದೆ? ಇಲ್ಲ ಎಂದಿದ್ದರೆ ಕೋಚ್ ಅವಳನ್ನು ಓಡಲು ಬಿಡುತ್ತಿರಲಿಲ್ಲ, ಅದಕ್ಕೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ಆದರೆ ಇಬ್ಬರಲ್ಲಿ ಒಬ್ಬಳು ನಾನಾಗಬೇಕೆಂಬ ಆಸೆ ಆ ಹೊತ್ತಿನಲ್ಲಿ ಎಲ್ಲಿ ಅಡಗಿ ಕೂತಿತ್ತೋ ನನಗೆ ಗೊತ್ತಿಲ್ಲ. ಇರಲೇ ಇಲ್ಲ ಎಂದು ಆಣೆ ಮಾಡಿ ಹೇಳಲಾರೆ.

ಹೊಸಕೋಟೆ ದಿಕ್ಕಿಗೆ ಹೋಗಿ, ರಸ್ತೆಯ ನಡುವೆ ಇಟ್ಟ ಡ್ರಮ್ಮನ್ನು ಸುತ್ತಿ ವಾಪಸ್ ಬರಬೇಕಿತ್ತು. ಹೋಗುವಾಗ ಏನೂ ಆಗಲಿಲ್ಲ. ಡ್ರಮ್ಮಿನ ಹತ್ತಿರ ಬರುವಾಗ ಬೇರೆ ಊರಿನ ಒಬ್ಬಳು ಮುಂದೆ, ಅವಳ ಹಿಂದೆ ನನ್ನ ಗೆಳತಿ, ಗೆಳತಿಯ ಹಿಂದೆ ನಾನು. ಡ್ರಮ್ಮು ಸುತ್ತಲು ವಾಲುತ್ತಿದ್ದಂತೆ ಗೆಳತಿಯ ಮುಂದಿನ ಟೈರು ಹೊರಳುವುದು ನನ್ನ ಕಣ್ಣಿಗೇ ಕಂಡಿತು. ಬರಿಯ ರಿಮ್ಮು ಡಾಂಬರಿಗೆ ತಾಗಿ ಕಿರ್ರೆಂದಿತು, ಅವಳು ಬಲಮೊಣಕೈ ಊರಿ ಬಿದ್ದಳು.

ನಾನು ಹೊರಬದಿಯಿಂದ ಸುತ್ತಿಕೊಂಡು ಹೋದೆ. ಹೋಗು ಎಂದು ಯಾರೂ ಕೂಗಲಿಲ್ಲ. ಒಂದು ಸಲ ತಿರುಗಿ ನೋಡಿದೆ. ರಸ್ತೆಯ ಮೇಲೆ ಕೂತಿದ್ದ ಅವಳು ನನ್ನನ್ನೇ ನೋಡುತ್ತಿದ್ದಳು. ಎರಡನೆಯವಳಾಗಿ ಮುಗಿಸಿದೆ. ಆಯ್ಕೆಯಾದೆ.

ಮೊಣಕೈ ಚೂರಾಗಿತ್ತು. ಆಪರೇಷನ್ ಮಾಡಿ ತಂತಿ ಹಾಕಿದರು. ಆ ಕೈ ಇನ್ನು ಪೂರ್ತಿ ನೇರವಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕೋಚೇ ನನಗೆ ತಿಳಿಸಿದರು. ಟೈರಿನ ವಿಷಯ ಅವರು ಕೇಳಲಿಲ್ಲ. ಹಳೇ ಟೈರು, ಹಾಳು ಅದೃಷ್ಟ ಎಂದು ಎಲ್ಲರೂ ಅಂದುಕೊಂಡರು.

ಎಂಟು ದಿನವಾದ ಮೇಲೆ ಹಲಸೂರಿಗೆ ಹೋದೆ. ಅವಳಮ್ಮ ಕಾಫಿ ಕೊಟ್ಟರು, ನೀನಾದರೂ ಆಯ್ಕೆಯಾದೆಯಲ್ಲ ಎಂದು ನನ್ನ ತಲೆ ಸವರಿದರು. ನಾನು ಲೋಟವನ್ನು ಕುಡಿಯದೆ ಕೆಳಗಿಟ್ಟೆ. ಅವರು ನಲ್ಲಿಗೆ ಹೋದಾಗ, ಟೈರು ಒಣಗಿರಲಿಲ್ಲ, ನನಗೆ ಗೊತ್ತಿತ್ತು ಎಂದು ಅವಳಿಗೆ ಹೇಳಿದೆ. ಬೈಯಲಿ ಎಂದು ಕಾದೆ.

"ಗೊತ್ತು ಕಣೇ," ಎಂದಳು. "ಚಕ್ರ ಹಾಕ್ಕೊಳ್ಳೋವಾಗ ನಾನೂ ಒತ್ತಿ ನೋಡ್ದೆ. ಅಲ್ಲಾಡ್ತಿತ್ತು."

"ಮತ್ತೆ ಯಾಕೆ ಓಡ್ಸಿದೆ?"

"ಬೇರೆ ಚಕ್ರ ಎಲ್ಲಿತ್ತು?"

ನನ್ನೊಳಗೆ ಏನೋ ಸಡಿಲವಾದಂತಾಯಿತು, ಅಳು ಬರುವುದರಲ್ಲಿತ್ತು. ಆಗ ಅವಳು ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತಾ, ಜೋರಿಲ್ಲದ ದನಿಯಲ್ಲಿ ಹೇಳಿದಳು: "ಟೈರಿಗೆ ನಾನೇನೂ ಅನ್ನಲ್ಲ. ಆದ್ರೆ ನಾನು ಬಿದ್ದಾಗ ನೀನು ಸೈಕಲ್ ನಿಲ್ಲಿಸ್ತೀಯ ಅಂದ್ಕೊಂಡಿದ್ದೆ."

ಅವಳಮ್ಮ ನೀರಿನ ಕೊಡ ಹಿಡಿದು ಒಳಗೆ ಬಂದರು. ನಾನು ಎದ್ದೆ.

ರಾಷ್ಟ್ರೀಯ ಓಟಕ್ಕೆ ಹೋದೆ. ದೂರದ ಊರು, ಗುರುತಿಲ್ಲದ ರಸ್ತೆ. ಅರ್ಧ ದಾರಿಯಲ್ಲಿ ಹಿಂದಿನ ಟೈರಿನ ಗಾಳಿ ಹೋಯಿತು. ಹಿಂದೆ ಬರುತ್ತಿದ್ದ ನಮ್ಮ ತಂಡದ ಗಾಡಿಯಲ್ಲಿ ನನಗೆ ಹೊಂದುವ ಚಕ್ರ ಉಳಿದಿರಲಿಲ್ಲ. ಎಲ್ಲರೂ ದಾಟಿಹೋದ ಮೇಲೆ ಮೈಲುಗಲ್ಲಿನ ಮೇಲೆ ಕೂತೆ. ಯಾವ ಸಿಟ್ಟೂ ಬರಲಿಲ್ಲ. ಇದೇ ಸರಿ ಅನ್ನಿಸಿತು, ಸರಿ ಅನ್ನಿಸಿದ್ದಕ್ಕೆ ಇನ್ನಷ್ಟು ಕುಗ್ಗಿದೆ. ನನ್ನ ಟೈರು ಹೋಗಿದ್ದರಿಂದ ಅವಳ ಕೈಯೇನೂ ನೇರವಾಗುತ್ತಿರಲಿಲ್ಲ. ಮುಂದಿನ ವರ್ಷ ಸೈಕಲ್ಲನ್ನು ಕೋಚಿಗೆ ಹಿಂತಿರುಗಿಸಿ ಮಹದೇವಪುರದ ಒಂದು ಕಂಪನಿಯ ಪ್ಯಾಕಿಂಗ್ ಸೆಕ್ಷನ್ನಿಗೆ ಸೇರಿದೆ. ಅವಳು ಇಂದಿರಾನಗರದ ಒಂದು ಮೆಡಿಕಲ್ ಶಾಪಿನಲ್ಲಿ ಬಿಲ್ ಬರೆಯುತ್ತಾಳೆಂದು ಕೇಳಿದೆ. ಆ ಕಡೆ ಹೋಗುವ ಕೆಲಸ ಬಂದಾಗಲೆಲ್ಲ ಬೇರೆ ರಸ್ತೆ ಹಿಡಿದೆ.

ಐದಾರು ವರ್ಷ ಕಳೆದಿತ್ತು. ದೊಮ್ಮಲೂರಿನಲ್ಲಿ ಫ್ಲೈಓವರ್ ಕೆಲಸ ನಡೆಯುತ್ತಾ ಬಸ್ಸುಗಳೆಲ್ಲ ತೆವಳುತ್ತಿದ್ದ ಕಾಲ. ಮಾರತ್ತಹಳ್ಳಿ ಕಡೆಯ ಬಸ್ಸು ಹತ್ತಿ ಕೂತ ಮೇಲೆ ನೋಡಿದೆ, ಪಕ್ಕದಲ್ಲಿದ್ದವಳು ಅವಳೇ. ಮದುವೆಯಾಗಿತ್ತು, ಒಂದು ಹೆಣ್ಣುಮಗು. ಮನೆ ಬಾಡಿಗೆ, ಟ್ಯಾಂಕರ್ ನೀರು, ಮಗುವಿನ ಸ್ಕೂಲು ಎಂದು ಚೆನ್ನಾಗಿಯೇ ಮಾತಾಡಿದಳು. ನಾನೂ ಮಾತಾಡಿದೆ. ಬಸ್ಸು ಮುಕ್ಕಾಲು ಗಂಟೆ ಅಲ್ಲೇ ನಿಂತಿತ್ತು. ಆ ಮುಕ್ಕಾಲು ಗಂಟೆಯಲ್ಲಿ, ಅವತ್ತು ನಾನು ಸೈಕಲ್ ನಿಲ್ಲಿಸಬೇಕಿತ್ತು ಎಂಬ ಒಂದು ಮಾತು ಹೇಳಲು ನೂರು ಸಲ ಅವಕಾಶವಿತ್ತು.

ಅವಳು ಇಳಿಯುವ ಜಾಗ ಬಂತು. ಎಡಗೈಯಿಂದ ಕಂಬಿ ಹಿಡಿದು ಎದ್ದಳು, ಬಲಗೈ ಮಡಿಸಿದಂತೆಯೇ ಇತ್ತು. ಮನೆ ಎಲ್ಲಿ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಬರ್ತೀನಿ ಎಂದು ಜನರ ನಡುವೆ ದಾರಿ ಮಾಡಿಕೊಂಡು ಮುಂದಿನ ಬಾಗಿಲಿಗೆ ಹೋದಳು. ಖಾಲಿಯಾದ ಸೀಟಿನಲ್ಲಿ ಯಾರೋ ಬ್ಯಾಗು ಇಟ್ಟು ಕೂತರು.