ಟವೆಲಕ್ಕ ಬ್ರಷ್ ಪಳಗಿಸಿದ್ದು

ಆ ಬೀದಿಯಲ್ಲಿ ನಾಲ್ಕು ಕ್ಷೌರದಂಗಡಿಗಳಿದ್ದವು. ನಾಲ್ಕರ ಟವೆಲುಗಳೂ ಸಂಜೆ ಗಂಟು ಕಟ್ಟಿಸಿಕೊಂಡು ಒಂದೇ ಮನೆಯ ಹಿತ್ತಲಿಗೆ ಹೋಗುತ್ತಿದ್ದವು. ಮರುದಿನ ಒಣಗಿ, ಮಡಿಸಿಕೊಂಡು ಹಿಂದಿರುಗುತ್ತಿದ್ದವು. ಒಗೆಯುವವಳಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೇ ಇತ್ತು, ಆದರೆ ಬೀದಿಯವರ ಬಾಯಲ್ಲಿ ಅವಳು ಟವೆಲಕ್ಕ. ಮಗಳ ಶಾಲೆಯ ಮೇಷ್ಟರೂ ಒಮ್ಮೆ ಬಾಯಿತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಂಡಿದ್ದರು. "ಪರವಾಗಿಲ್ಲ ಸಾರ್, ಬಕೆಟ್ಟಕ್ಕ ಅನ್ನಲಿಲ್ಲವಲ್ಲ" ಎಂದು ಇವಳೇ ಸಮಾಧಾನ ಹೇಳಿದ್ದಳು.

ಅವಳ ಬಂಡವಾಳವೆಲ್ಲ ಕೈಯಲ್ಲಿತ್ತು. ಅವಳು ಹಿಂಡಿ ಎಸೆದ ಟವೆಲಿನಿಂದ ಇನ್ನೊಂದು ಹನಿ ಇಳಿಸುವ ಗಂಡಸು ಹುಟ್ಟಿಲ್ಲ ಎಂದು ಅವಳ ಅತ್ತೆ ನೆರೆಹೊರೆಯವರ ಮುಂದೆ ಹೇಳಿಕೊಂಡು ಮೆರೆಯುತ್ತಿದ್ದರು. ಹಿಡಿದ ಕೆಲಸ ಬಿಡದ ಅವಳ ಹಟದ ಬಗ್ಗೆಯೂ ಅತ್ತೆ ಮಾತಾಡುತ್ತಿದ್ದರು, ಆದರೆ ಅದು ಮೆರೆಯುವ ಧಾಟಿಯಲ್ಲಲ್ಲ.

ನಾಲ್ಕು ಅಂಗಡಿಗಳಲ್ಲಿ ಹಳೆಯದು ಸಿಡುಕಣ್ಣನದು. ಗಿರಾಕಿಯ ಕತ್ತು ಒಂದು ಕೂದಲೆಳೆಯಷ್ಟು ಅಲುಗಿದರೂ ಗದರುವ ಮನುಷ್ಯ. ಆದರೂ ಜನ ಅವನ ಬೆಂಚಿನ ಮೇಲೆ ಕಾದು ಕೂರುತ್ತಿದ್ದರು. ಅದಕ್ಕೆ ಕಾರಣ ಅವನ ಬ್ರಷ್. ಕುಳ್ಳಗಿನ ಮರದ ಹಿಡಿ, ಹಂದಿಯ ಕೂದಲು, ವರ್ಷಗಟ್ಟಲೆ ಅವನೊಬ್ಬನ ಕೈಯಲ್ಲೇ ಆಡಿ ತುದಿಗಳೆಲ್ಲ ಹತ್ತಿಯ ಹಾಗೆ ಬಿರಿದುಕೊಂಡಿದ್ದ ಬ್ರಷ್. ಅದರಲ್ಲಿ ಎದ್ದ ನೊರೆ ಕೆನ್ನೆಗೆ ತಾಕಿದರೆ ಎಂಥ ಜಗಳಗಂಟನಿಗೂ ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು.

ಒಂದು ಸಂಜೆ ಆ ಬ್ರಷ್ ಹೇಗೋ ಒದ್ದೆ ಟವೆಲುಗಳ ನಡುವೆ ಸೇರಿ ಗಂಟಿನೊಳಗೆ ಬಂತು. ಟವೆಲಕ್ಕ ಒಂದೊಂದನ್ನೂ ಕೊಡವಿ ನೋಡಿಯೇ ನೀರಿಗೆ ಹಾಕುವವಳು. ಅವತ್ತು ನಲ್ಲಿ ನಿಲ್ಲುವ ಹೊತ್ತಾಗಿತ್ತು, ಮಗಳು ಜ್ವರದಲ್ಲಿ ಕರೆಯುತ್ತಿದ್ದಳು. ಗಂಟು ಬಿಚ್ಚಿದವಳೇ ಇದ್ದದ್ದನ್ನು ಇದ್ದ ಹಾಗೆ ಹಂಡೆಗೆ ಸುರಿದು, ಸೋಡಾಪುಡಿ ಹಾಕಿ, ಉರಿ ಜೋರು ಮಾಡಿ ಒಳಗೆ ಓಡಿದಳು. ತಿರುಗಿ ಬಂದು ಕೋಲಾಡಿಸಿದಾಗ ಮೇಲೆ ತೇಲಿ ಬಂದದ್ದು ಸತ್ತ ಗುಬ್ಬಚ್ಚಿಯಂಥ ಒಂದು ಮುದ್ದೆ. ಹಿಡಿ ಸೀಳಿತ್ತು. ಕೂದಲು ಅಂಟಂಟಾಗಿ, ಮುಟ್ಟಿದಲ್ಲೆಲ್ಲ ಕೈಗೆ ಬರುತ್ತಿತ್ತು.

ಅತ್ತೆ ಬಗ್ಗಿ ನೋಡಿದರು. "ಯಾರು ನೋಡಿದ್ದಾರೆ? ಒಲೆಗೆ ಹಾಕಿ ಸುಮ್ಮನಿರು. ಅವನು ಎಲ್ಲೋ ಬೀಳಿಸಿಕೊಂಡೆ ಅಂದ್ಕೋತಾನೆ."

"ಅವನು ಪಕ್ಕದ ಕುರ್ಚಿಯ ಕೆಲಸದವನ ಮೇಲೆ ಹರಿಹಾಯ್ತಾನೆ ಅತ್ತೆ. ಆ ಪಾಪ ನನಗ್ಯಾಕೆ?"

ಬೆಳಿಗ್ಗೆ ಮಡಿಸಿದ ಟವೆಲುಗಳ ಮೇಲೆ ಆ ಮುದ್ದೆಯನ್ನಿಟ್ಟುಕೊಂಡೇ ಅಂಗಡಿಗೆ ಹೋದಳು. ಅವಳು ಎಣಿಸಿದಂತೆಯೇ ಸಿಡುಕಣ್ಣ ಪಕ್ಕದ ಕುರ್ಚಿಯ ಕೆಲಸಗಾರನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದ.

"ಅವರನ್ನ ಬಿಡಿ ಅಣ್ಣ. ನಾನು ಕುದಿಸಿಬಿಟ್ಟೆ" ಅಂದಳು.

ಸಿಡುಕಣ್ಣ ಅದನ್ನು ಎತ್ತಿಕೊಂಡ. ಅವನು ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಕೂಗಲಿಲ್ಲ. ಉದುರಿದ ಕೂದಲನ್ನು ಮೇಜಿನಿಂದ ಒರೆಸಿ, "ಟವೆಲ್ ಒಗೆಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ, ಹೋಗಮ್ಮ" ಅಂದ.

"ಟವೆಲ್ ಯಾರಿಗಾದ್ರೂ ಕೊಡಿ. ಬ್ರಷ್ ಮಾತ್ರ ನಾನು ತಂದುಕೊಡ್ತೀನಿ."

"ಅಂಗಡಿಯಲ್ಲಿ ಸಿಗೋದನ್ನ ನಾನೂ ತರ್ತೀನಿ. ಹೊಸದು ಪೊರಕೆ ಕಣಮ್ಮ, ಪೊರಕೆ. ಗಿರಾಕಿ ಮುಖ ಗುಡಿಸೋಕೆ ಆಗುತ್ತಾ?"

"ಇದೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ?"

ಸಿಡುಕಣ್ಣ ಮುಂದಿನ ಗಿರಾಕಿಯನ್ನು ಕರೆದ. ಟವೆಲಕ್ಕ ಅಲ್ಲಿಂದ ನೇರವಾಗಿ ಕ್ಷೌರದ ಸಾಮಾನು ಮಾರುವ ಅಂಗಡಿಗೆ ನಡೆದಳು. ಅಂಗಡಿಯವನು ಹಂದಿ ಕೂದಲಿನ ಒಂದು ಬ್ರಷ್ ತೆಗೆದು ಅವಳ ಅಂಗೈಗೆ ಒತ್ತಿದ. ಚುಚ್ಚಿತು. ದಿನಾ ನೊರೆ ಎಬ್ಬಿಸಿ, ತೊಳೆದು, ಒಣಗಿಸುತ್ತ ಹೋದರೆ ಒಂದೊಂದು ಕೂದಲಿನ ತುದಿಯೂ ಸೀಳಿ ಮೆತ್ತಗಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದ. "ಎತ್ತು ಪಳಗಿಸಿದ ಹಾಗೆ. ನಿಮ್ಮಿಂದ ಆಗುತ್ತಾ?" ಎಂದು ನಕ್ಕ. ಆ ಕೊನೆಯ ಪ್ರಶ್ನೆ ಕೇಳದೆ ಇದ್ದಿದ್ದರೆ ಅವಳು ಇನ್ನೊಂದು ಸಲ ಯೋಚಿಸುತ್ತಿದ್ದಳೋ ಏನೋ. ಈಗ ಯೋಚನೆಯ ಮಾತೇ ಉಳಿಯಲಿಲ್ಲ.

ಮನೆಯಲ್ಲಿ ಮೊದಲ ದಿನವೇ ರಾದ್ಧಾಂತ. ಬಿಸಿನೀರು ಬಿದ್ದೊಡನೆ ಹೊಸ ಬ್ರಷ್‌ನಿಂದ ಪ್ರಾಣಿಯ ವಾಸನೆ ಎದ್ದು ಅಡುಗೆಮನೆಯವರೆಗೆ ಹರಡಿತು. "ಹಂದಿ ಸಾಕ್ತಿದ್ದೀಯೇನೇ?" ಎಂದು ಅತ್ತೆ ಮೂಗು ಮುಚ್ಚಿಕೊಂಡರು. ಅವಳು ಅಂಗೈಯಲ್ಲಿ ನೊರೆ ಎಬ್ಬಿಸಿ, ತೊಳೆದು, ಟವೆಲು ಹಿಂಡುವ ಕೈಯಲ್ಲೇ ಒಮ್ಮೆ ತಿರುಚಿ ಹಿಂಡಿದಳು. ಕೈಗೆ ಗೊತ್ತಿದ್ದದ್ದು ಅದೊಂದೇ. ವಾರ ಕಳೆಯುವಷ್ಟರಲ್ಲಿ ಬ್ರಷ್‌ನ ನಡುವೆ ಕೂದಲುದುರಿ ಗುಂಡಿ ಬಿತ್ತು, ಉಳಿದ ಕೂದಲು ದಿಕ್ಕಿಗೊಂದಾಗಿ ಸೊಟ್ಟಗಾಯಿತು. ಬುಡದಲ್ಲಿ ನೀರು ನಿಂತು ಮುಗ್ಗಲು ವಾಸನೆ ಬೇರೆ.

ಇನ್ನೊಂದು ಬ್ರಷ್ ತಂದಳು. ಈ ಸಲ ಹಿಂಡಬಾರದು ಎಂದು ತನಗೆ ತಾನೇ ಹೇಳಿಕೊಂಡೇ ಶುರುಮಾಡಿದಳು. ಆದರೆ ಗಮನ ಚೂರು ಆಚೀಚೆಯಾದರೆ ಸಾಕು, ಬೆರಳುಗಳು ತಾವಾಗಿ ಸುತ್ತಿಕೊಂಡು ತಿರುಚುತ್ತಿದ್ದವು. ಅವಳಿಗೆ ತನ್ನ ಕೈಯ ಮೇಲೇ ರೋಷ ಬಂತು. ಇಷ್ಟು ವರ್ಷ ಅನ್ನ ಹಾಕಿದ ಕೈ ಈಗ ಮಾತು ಕೇಳುತ್ತಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೂತು ಆ ಬೆರಳುಗಳನ್ನೇ ದುರುಗುಟ್ಟಿ ನೋಡುತ್ತಿದ್ದಾಗ ಅತ್ತೆ ತಲೆ ತೊಳೆಸಿಕೊಳ್ಳಲು ಬಂದು ಮುಂದೆ ಕೂತರು. ಸೊಸೆ ನೀರು ಹೊಯ್ದು, ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿದಳು.

"ನನ್ನ ಜುಟ್ಟು ಹಿಂಡ್ತೀಯೇನೇ?" ಅಂದರು ಅತ್ತೆ.

"ಛೆ, ಇರೋದೇ ನಾಲ್ಕು ಕೂದಲು. ಕಿತ್ತು ಬರಲ್ವಾ?"

"ಮತ್ತೆ! ಆ ಹಂದಿಗೂ ಒಬ್ಬಳು ಅತ್ತೆ ಇದ್ದಾಳೆ ಅಂದ್ಕೋ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಟವೆಲಕ್ಕ ಬ್ರಷ್ ಎತ್ತಿಕೊಂಡು ಅತ್ತೆಯ ತಲೆಗೆ ಮಾಡಿದ ಹಾಗೇ ಮಾಡಿ ನೋಡಿದಳು. ಉಗುರುಬೆಚ್ಚಗಿನ ನೀರಲ್ಲಿ ಸೋಪು ಪೂರ್ತಿ ಹೋಗುವವರೆಗೆ ಅಲುಗಾಡಿಸುವುದು, ಮುಷ್ಟಿಯಲ್ಲಿ ಮೆಲ್ಲಗೆ ಅದುಮುವುದು, ಒಮ್ಮೆ ಜೋರಾಗಿ ಕೊಡವುವುದು, ಒಣಬಟ್ಟೆಯ ಮೇಲೆ ಅತ್ತಿತ್ತ ಸವರುವುದು. ಆಮೇಲೆ ಬಿಸಿಲು ತಾಕದ ಕಡೆ, ಗಾಳಿ ಆಡುವಲ್ಲಿ, ಕೂದಲು ಕೆಳಮುಖವಾಗಿ ದಾರದಲ್ಲಿ ನೇತುಹಾಕುವುದು. ದಿನಾ ಇದೇ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೈ ಸರಿಯಿಲ್ಲದ ದಿನವೂ ಬಿಡಲಿಲ್ಲ. ಕೈ ಹಳೇ ಚಾಳಿಗೆ ಹೊರಟಾಗಲೆಲ್ಲ ಎಡಗೈಯಿಂದ ಬಲಗೈಗೆ ಒಂದೇಟು ಹಾಕುತ್ತಿದ್ದಳು. ನಿಧಾನವಾಗಿ ಆ ಏಟುಗಳು ಕಡಿಮೆಯಾದವು.

ಕೂದಲೇನೋ ಮೆತ್ತಗಾಗುತ್ತ ಬಂತು. ಆದರೆ ಅಂಗೈಗೂ ಕೆನ್ನೆಗೂ ವ್ಯತ್ಯಾಸವಿದೆ. ಒಂದು ಗಂಡು ಮುಖ ಬೇಕಿತ್ತು. ಮನೆಯಲ್ಲಿದ್ದ ಗಂಡು ಮುಖ ಸಾಮಾನಿನ ವ್ಯಾನು ಓಡಿಸುವ ಅವಳ ಗಂಡನದು, ಅದರ ತುಂಬ ಗಡ್ಡ.

"ರೀ, ಒಂದು ಮಾತು."

ಗಂಡ ಅವಳ ಕೈಯಲ್ಲಿದ್ದ ಬ್ರಷ್ ನೋಡಿ ತಟ್ಟೆ ಬಿಟ್ಟು ಎದ್ದ. "ಬೇಡ. ಇದು ಮದುವೆಗೆ ಮುಂಚಿನ ಗಡ್ಡ. ಇದರ ಮೇಲೆ ನಿನಗೆ ಹಕ್ಕಿಲ್ಲ."

"ನನಗಿದೆ" ಅಂದರು ಅತ್ತೆ ಒಳಗಿನಿಂದ. "ಆ ಗದ್ದ ಹೆತ್ತವಳು ನಾನು. ಅದನ್ನ ನೋಡಿ ಎಷ್ಟು ವರ್ಷ ಆಯ್ತು, ಬೋಳಿಸ್ಕೋ."

ಗಡ್ಡ ಹೋಯಿತು. ಕೆಳಗೆ ಒಂದು ಪುಟ್ಟ, ಅಳುಕಿನ ಗದ್ದ ಹೊರಬಿತ್ತು. ಮಗಳು ಒಂದು ಇಡೀ ದಿನ ಅಪ್ಪನ ಹತ್ತಿರ ಹೋಗಲಿಲ್ಲ. ಅಂದಿನಿಂದ ಪ್ರತಿ ಬೆಳಿಗ್ಗೆ ಅವನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರುವುದು, ಇವಳು ನೊರೆ ಹಚ್ಚುವುದು, ಅವನು "ಚುಚ್ಚುತ್ತೆ" ಅನ್ನುವುದು. ಕೆಲವು ವಾರಗಳಾದ ಮೇಲೆ "ಸ್ವಲ್ಪ ಚುಚ್ಚುತ್ತೆ" ಎಂದಾಯಿತು. ಆಮೇಲೆ ಬರೀ ಗೊಣಗಾಟ. ಕೊನೆಗೊಂದು ಬೆಳಿಗ್ಗೆ ಅವಳು ನೊರೆ ಹಚ್ಚಿ ಮುಗಿಸಿದರೂ ಅವನು ಕಣ್ಣು ತೆರೆಯಲಿಲ್ಲ. "ಇನ್ನೊಂಚೂರು ಹಚ್ಚು" ಅಂದ. ಟವೆಲಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಎದೆ ತುಂಬಿ ಬಂದಿತ್ತು, ಜೊತೆಗೆ ಭಯವೂ ಆಯಿತು. ಇನ್ನು ಸಿಡುಕಣ್ಣನ ಮುಂದೆ ನಿಲ್ಲಬೇಕು.

ಅವನ ಅಂಗಡಿಯಲ್ಲಿ ಆ ಹೊತ್ತಿಗೆ ಕಾಯುವ ಬೆಂಚು ಅರ್ಧ ಖಾಲಿಯಿತ್ತು. ಅವನು ಬ್ರಷ್ ತೆಗೆದುಕೊಂಡು ಮೂಸಿದ, ಹೆಬ್ಬೆರಳಿಂದ ಕೂದಲು ಬಿಡಿಸಿ ಬುಡ ನೋಡಿದ, ಬಗ್ಗಿಸಿ ಬಿಟ್ಟ. ಕುರ್ಚಿಯಲ್ಲಿ ಒಬ್ಬ ಗುಮಾಸ್ತ ಕೂತಿದ್ದ. ಅವನದು ಮುಟ್ಟಿದರೆ ಕೆಂಪಾಗುವ ಚರ್ಮ. ಸಿಡುಕಣ್ಣ ಅವನಿಗೆ ನೊರೆ ಹಚ್ಚಿದ. ಗುಮಾಸ್ತ ಏನೋ ದೂರು ಹೇಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ ತಲೆ ಹಿಂದಕ್ಕೆ ಒರಗಿಸಿದ.

"ಯಾರು ಪಳಗಿಸಿದ್ದು?" ಎಂದು ಕೇಳಿದ ಸಿಡುಕಣ್ಣ, ಅವಳ ಕಡೆ ತಿರುಗದೆಯೇ.

"ನಾನು, ನಮ್ಮತ್ತೆ, ನಮ್ಮನೆಯವರು."

"ಹಳೇದರ ಹಾಗಿಲ್ಲ."

"ಇಲ್ಲ ಅಣ್ಣ. ಗೊತ್ತು."

"ಸಂಜೆ ಟವೆಲ್ ತಗೊಂಡು ಹೋಗು."

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಕೈಮುಗಿದು ಹೊರಡುತ್ತಿದ್ದರು. ಟವೆಲಕ್ಕನ ಕಣ್ಣು ಕನ್ನಡಿಯ ಕೆಳಗಿನ ಮಗ್ಗಿನ ಮೇಲೆ ನೆಟ್ಟಿತ್ತು. ಅಂಗಡಿಯ ಉಳಿದ ಬ್ರಷ್‌ಗಳು ಅದರಲ್ಲಿ ಒದ್ದೆಯಾಗಿಯೇ ನಿಂತಿದ್ದವು. ಬುಡದಲ್ಲಿ ಸೋಪು ಹೆಪ್ಪುಗಟ್ಟಿ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಅವನ್ನೂ ಕೊಡಿ" ಅಂದಳು.

"ಏನು?"

"ಆ ಬ್ರಷ್‌ಗಳು. ಹೀಗಿಟ್ಟರೆ ಕೊಳೆಯುತ್ತವೆ ಅಣ್ಣ. ಒಂದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡು ಮಿಕ್ಕಿದ್ದನ್ನ ಅನಾಥ ಮಾಡಿದ್ದೀರಲ್ಲ."

ಸಿಡುಕಣ್ಣನ ಮುಖ ಕೆಂಪಾಯಿತು. "ಒಂದು ಕುದಿಸಿದ್ದು ಸಾಲದೇನು? ಎಲ್ಲಾನೂ ಕುದಿಸ್ತೀಯಾ?"

"ಒಂದು ಕುದಿಸಿದ್ದಕ್ಕೇ ಇಷ್ಟು ಕಲಿತೆ. ಇನ್ನು ಕುದಿಸಲ್ಲ. ಎಲ್ಲಕ್ಕಿಂತ ಕೆಟ್ಟದ್ದನ್ನ ಕೊಡಿ, ನೋಡೋಣ."

ಅವಳು ನಿಂತೇ ಇದ್ದಳು. ಗುಮಾಸ್ತನ ಕ್ಷೌರ ಮುಗಿದು, ಇನ್ನೊಬ್ಬ ಬಂದು ಕೂತು, ಅವನದೂ ಮುಗಿಯಿತು. ಕಡೆಗೆ ಸಿಡುಕಣ್ಣ ಮಗ್ಗಿನಿಂದ ಒಂದನ್ನು ತೆಗೆದು ಅವಳ ಕಡೆ ಚಾಚಿದ. ಮರದ ತುಂಡಿನಷ್ಟು ಬಿಗಿದುಕೊಂಡಿತ್ತು. ಮನೆಯಲ್ಲಿ ಅವಳು ಅದನ್ನು ಬೆಚ್ಚಗಿನ ನೀರಿಗೆ ಚಮಚ ವಿನೆಗರ್ ಬೆರೆಸಿ ನೆನೆಹಾಕಿದಳು. ಬಿಳಿಯ ಹೆಪ್ಪು ಕರಗಿ ನೀರು ಬೆಳ್ಳಗೆ ಕದಡಿತು. ಶಾಂಪೂ ಹಾಕಿ ತೊಳೆದು ನೇತುಹಾಕಿ, ಮರುದಿನ ಕೊಂಡೊಯ್ದಳು. ಸಿಡುಕಣ್ಣ ಅದನ್ನು ಅಂಗೈಗೆ ಸವರಿಕೊಂಡ. ಆಮೇಲೆ ಉಳಿದ ಬ್ರಷ್‌ಗಳನ್ನು ಮಗ್ಗಿನ ಸಮೇತ ಅವಳ ಕೈಗಿಟ್ಟ.

ಈಗ ಬೀದಿಯ ನಾಲ್ಕೂ ಅಂಗಡಿಗಳವರು ವಾರದ ರಜೆಯ ದಿನ ಬ್ರಷ್‌ಗಳನ್ನು ಅವಳಿಗೆ ಒಪ್ಪಿಸುತ್ತಾರೆ. ಖಾಯಂ ಗಿರಾಕಿಗಳಿಗೆ ಅವರವರದೇ ಬ್ರಷ್ ಇರಬೇಕು, ಒಬ್ಬರದು ಇನ್ನೊಬ್ಬರ ಮುಖಕ್ಕೆ ಹೋಗಬಾರದು ಎಂದು ಅವಳು ಜಗಳವಾಡಿ ಗೆದ್ದದ್ದು ಆಮೇಲಿನ ಮಾತು. ಹಿಡಿಗಳಿಗೆ ಬಣ್ಣಬಣ್ಣದ ನೂಲು ಸುತ್ತುವ ಕೆಲಸ ಮಗಳದು. ಸಿಡುಕಣ್ಣ ಈಗಲೂ ಸಿಡುಕುತ್ತಾನೆ, ಆದರೆ ಹೊಸ ಬ್ರಷ್ ಕೊಂಡರೆ ಮೊದಲು ಅವಳ ಮನೆಗೆ ಕಳಿಸುತ್ತಾನೆ.

ಮೊನ್ನೆ ದೂರದ ಬೀದಿಯಿಂದ ಒಬ್ಬ ಕ್ಷೌರಿಕ ಕೇಳಿಕೊಂಡು ಬಂದಿದ್ದ. ಕಾಗದದ ಪೊಟ್ಟಣದಿಂದ ಬ್ರಷ್ ತೆಗೆದುಕೊಟ್ಟು, ತನಗೆ ಬೇಗ ಬೇಕು, ಹೀಟರ್ ಮುಂದಿಟ್ಟು ಒಣಗಿಸಿದರಾಗದೇ ಎಂದ.

"ಆಗಲ್ಲ" ಅಂದಳು ಟವೆಲಕ್ಕ.

"ಹಾಗಾದ್ರೆ ಯಾವಾಗ ಕೊಡ್ತೀರಾ?"

"ಒಣಗಿದಾಗ. ಅವಸರ ಇದ್ರೆ ವಾಪಸ್ ತಗೊಂಡು ಹೋಗಿ."

ಅವನು ಖಾಲಿ ಪೊಟ್ಟಣವನ್ನಷ್ಟೇ ಮಡಿಸಿ ಜೇಬಿಗಿಟ್ಟುಕೊಂಡು, ಬ್ರಷ್ ಬಿಟ್ಟು ಹೋದ.