ಇಪ್ಪತ್ತೈದು ಅಡಿಯ ಆಚೆ

ನಕ್ಷೆ ಕಚೇರಿಯ ನಲವತ್ತೊಂದು ಬಾಗಿಲುಗಳಲ್ಲಿ ಯಾವುದು ಯಾವ ಕಾಲಕ್ಕೆ ಕಿರುಗುಟ್ಟುತ್ತದೆ ಎಂದು ಹೇಳಬಲ್ಲ ಮನುಷ್ಯ ಒಬ್ಬನೇ. ಚಿಲಕ, ಬೀಗ, ಕಿಟಕಿಯ ಗಾಜು ಎಲ್ಲದರ ರಿಪೇರಿಯೂ ಅವನದೇ. ಸೊಂಟದಲ್ಲಿ ಸದಾ ಅಂಗೈ ಅಗಲದ ದುಂಡನೆಯ ಟೇಪು ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಟೇಪಣ್ಣ. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವನ ಅಳತೆ ಒಂದು ನೂಲಿನಷ್ಟೂ ಆಚೀಚೆ ಆಗಿರಲಿಲ್ಲ. ಅದರ ಜಂಬವೂ ಸಾಕಷ್ಟಿತ್ತು. ಯಾರಾದರೂ ಮೇಜನ್ನು ಗೇಣು ಹಾಕಿ ಅಳೆದರೆ ಅವನು ಮುಖ ಸಿಂಡರಿಸುತ್ತಿದ್ದ.

ಇಂಥ ಮನುಷ್ಯ ಎಂಟು ತಿಂಗಳಿಂದ ಹೆಂಡತಿಯ ಕಣ್ಣಿಗೆ ಮಣ್ಣೆರಚುತ್ತಿದ್ದ. ಮಗಳಿಗೆ ಹೆರಿಗೆಯಾದ ದಿನ ಮೊಮ್ಮಗಳನ್ನು ಎತ್ತಿಕೊಂಡು, ಇನ್ನು ಮೇಲೆ ಸಿಗರೇಟು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದ. ಮಾತು ಕೊಡು ಎಂದು ಯಾರೂ ಕೇಳಿರಲಿಲ್ಲ. ಸಂತೋಷ ಉಕ್ಕಿದಾಗ ಗಂಡಸರು ಹೀಗೆ ಏನಾದರೊಂದು ಒದರಿಬಿಡುತ್ತಾರೆ. ಹತ್ತು ದಿನ ಹಲ್ಲು ಕಚ್ಚಿಕೊಂಡಿದ್ದ. ಹನ್ನೊಂದನೆಯ ದಿನದಿಂದ ದಿನಕ್ಕೆ ಮೂರು.

ಬಚ್ಚಿಡುವುದೇ ಕಷ್ಟವಾಗಿತ್ತು. ಹೆಂಡತಿ ಟೈಲರು. ಕಚೇರಿಯ ಹಿಂದಿನ ಓಣಿಯಲ್ಲೇ ಅವಳ ಅಂಗಡಿ. ಅವನ ಶರ್ಟುಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಈಚೆಗೆ ಹೊಲಿದ ನೀಲಿ ಚೌಕಳಿಯ ಎರಡು ಶರ್ಟಿಗೆ ಜೇಬೇ ಇರಲಿಲ್ಲ. ಬಟ್ಟೆ ಸಾಲಲಿಲ್ಲ ಎಂದಿದ್ದಳು. ಅವನು ಹೂಂಗುಟ್ಟಿದ. ಪಟ್ಟಿ ತುಂಡಾಗಿದ್ದ ಹಳೆಯ ಟೇಪಿನ ಡಬ್ಬಿಯನ್ನು ಖಾಲಿ ಮಾಡಿ, ಅದರಲ್ಲಿ ಮೂರು ಸಿಗರೇಟು ಮಲಗಿಸಿ ಸೊಂಟದ ಎಡಕ್ಕೆ ಸಿಕ್ಕಿಸಿಕೊಂಡ. ಬಲಕ್ಕೆ ನಿಜವಾದ ಟೇಪು. ಎರಡು ಟೇಪು ಯಾಕೆ ಎಂದು ಕೇಳಿದವರಿಗೆ, ಒಂದು ಉದ್ದಕ್ಕೆ, ಒಂದು ಅಗಲಕ್ಕೆ ಎಂದು ಹೇಳುತ್ತಿದ್ದ. ನಕ್ಷೆ ಬಿಡಿಸುವವರೇ ಅದನ್ನು ನಂಬಿದರು ಎಂದರೆ ಆ ಕಚೇರಿಯ ನಕ್ಷೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದೋ ನೀವೇ ಯೋಚಿಸಿ.

ಹೀಗಿರುವಾಗ ಹೊಸ ನಿಯಮ ಬಂತು. ಕಟ್ಟಡದ ಒಳಗೆ ಸೇದುವಂತಿಲ್ಲ; ಹೊರಗೂ ಯಾವುದೇ ಬಾಗಿಲು, ಕಿಟಕಿ, ಮೆಟ್ಟಿಲು, ಕುಡಿಯುವ ನೀರಿನ ನಲ್ಲಿಯಿಂದ ಇಪ್ಪತ್ತೈದು ಅಡಿಯೊಳಗೆ ಸೇದುವಂತಿಲ್ಲ. ಮ್ಯಾನೇಜರು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, ಹಾಗಾದರೆ ಎಲ್ಲಿ ಸೇದಬಹುದೋ ಅಲ್ಲೊಂದು ಹಳದಿ ಗೆರೆ ಎಳೆದುಬಿಡು ಎಂದು ಟೇಪಣ್ಣನಿಗೆ ಹೇಳಿದರು.

ಕಚೇರಿಯಲ್ಲಿ ಸೇದುವವರು ಹನ್ನೊಂದು ಮಂದಿ. ಅವರೆಲ್ಲ ಅವನ ಹಿಂದೆ ಮೆರವಣಿಗೆ ಹೊರಟರು. ಸೈಕಲ್ ನಿಲ್ಲಿಸುವ ಜಾಗ ಉಗ್ರಾಣದ ಕಿಟಕಿಗೆ ಹತ್ತೊಂಬತ್ತು ಅಡಿ. ನೀರಿನ ಟ್ಯಾಂಕಿನ ಮರೆಗೆ ನಲ್ಲಿಯೇ ಅಡ್ಡಿ. ತಾರಸಿಗೆ ಹೋದರೆ ಮೆಟ್ಟಿಲು ಬಿಡಲಿಲ್ಲ. ಉಗ್ರಾಣದ ದಪ್ಪ ಗುಮಾಸ್ತ, ಕಾಂಪೌಂಡ್ ಗೋಡೆಯ ಮೇಲೆ ಹತ್ತಿ ಕೂತರೆ ಹೇಗೆ ಎಂದು ಕೇಳಿದ. ಗೋಡೆಯ ಗತಿ ಏನು ಎಂದು ಉಳಿದವರು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಬಾಗಿಲುಗಳಿಂದಲೂ ಟೇಪು ಎಳೆದಾಗಿತ್ತು. ಹಿಂದಿನ ಗೇಟಿನ ಪಕ್ಕ ಮೂರೇ ಅಡಿ ಅಗಲದ ಒಂದು ಜಾಗ ಉಳಿಯಿತು.

ಟೇಪಣ್ಣ ತಲೆಯೆತ್ತಿ ನೋಡಿದ. ಓಣಿಯ ಆಚೆ ಹೆಂಡತಿಯ ಅಂಗಡಿ, ಕಿಟಕಿಯಲ್ಲಿ ಅವಳ ಹೊಲಿಗೆ ಯಂತ್ರ, ಯಂತ್ರದ ಹಿಂದೆ ಅವಳು.

ಜಾಗವನ್ನು ಎರಡಡಿ ಈಚೆಗೆ ಎಳೆದರೆ ಗೋಡೆಯ ಮರೆ ಸಿಗುತ್ತಿತ್ತು. ಆದರೆ ಟೇಪಿನ ಮೇಲೆ ಸುಳ್ಳು ಹೇಳಲು ಅವನ ಕೈ ಬರಲಿಲ್ಲ. ಹೆಂಡತಿಗೆ ಹೇಳಬಹುದು, ಟೇಪಿಗೆ ಹೇಳುವುದಕ್ಕಾಗುತ್ತದೆಯೇ? ಅಲ್ಲೇ ದುಂಡಗೆ ಹಳದಿ ಬಳಿದು, ಹನಿಗಣ್ಣಾಗಿ ಒಳಗೆ ಹೋದ.

ಮರುದಿನದಿಂದ ಆ ವೃತ್ತದೊಳಗೆ ಸರ್ಕಸ್ ಶುರುವಾಯಿತು. ಒಂದು ಸಲಕ್ಕೆ ಮೂವರು ಹಿಡಿಸುತ್ತಿದ್ದರು. ದಪ್ಪ ಗುಮಾಸ್ತ ನಿಂತರೆ ಅವನೊಬ್ಬನೇ. ಒಬ್ಬ ಒಂಟಿಕಾಲಲ್ಲಿ ನಿಂತು ಸೇದಿದ. ಕಾಲು ಒಳಗಿದ್ದು ಕೈ ಹೊರಗಿದ್ದರೆ ಸಿಗರೇಟು ಎಲ್ಲಿದೆ ಎಂದು ಲೆಕ್ಕ ಎಂಬ ಜಗಳ ಮ್ಯಾನೇಜರವರೆಗೆ ಹೋಯಿತು. ಟೇಪಣ್ಣ ಪಂಚಾಯಿತಿ ಮಾಡುತ್ತ ಗೆರೆಯ ಹೊರಗೆ ನಿಂತು, ಬಂದ ಹೊಗೆಯನ್ನೇ ಮೂಗರಳಿಸಿ ಎಳೆದುಕೊಳ್ಳುತ್ತಿದ್ದ. ನಾಲ್ಕು ದಿನ ಒಂದೂ ಸೇದಲಿಲ್ಲ. ಸೇದದ ಮಂಕಿನಲ್ಲಿ ಮೂರನೆಯ ದಿನ ಮ್ಯಾನೇಜರ ಬಾಗಿಲಿನ ಒಳಚಿಲಕವನ್ನು ಹೊರಗಡೆ ಜಡಿದ. ಅವರು ಮುಕ್ಕಾಲು ಗಂಟೆ ಒಳಗೇ ಇದ್ದರು.

ಐದನೆಯ ದಿನ ಮಧ್ಯಾಹ್ನ ಅಂಗಡಿಯ ಕಿಟಕಿಯಲ್ಲಿ ಹೆಂಡತಿ ಕಾಣಲಿಲ್ಲ. ಊಟಕ್ಕೆ ಹೋಗಿರಬೇಕು. ಅವನು ವೃತ್ತದೊಳಗೆ ಹಾರಿ ನಿಂತ. ಅಷ್ಟರಲ್ಲಿ ಅವಳು ಕೊರಳಲ್ಲಿ ಬಟ್ಟೆಯ ಟೇಪು ನೇತುಹಾಕಿಕೊಂಡು ಕಚೇರಿಯ ಒಳಗಿಂದ ಬಂದಳು. ಜೊತೆಗೆ ಮ್ಯಾನೇಜರು. ಅವಳು ಮುಂದಿನ ಬಾಗಿಲಿನಿಂದ ಹೋಗಿ ಅವರನ್ನೇ ಕರೆತಂದಿದ್ದಳು. ಹನ್ನೊಂದು ಮಂದಿಯೂ ಹಿಂದೆಯೇ ಇದ್ದರು.

ಹೊಲಿದಿಟ್ಟ ಬಟ್ಟೆಗೆಲ್ಲ ಹೊಗೆಯ ವಾಸನೆ ಹಿಡಿದಿದೆ, ಗಿರಾಕಿಗಳು ಮೂಗು ಮುರಿಯುತ್ತಿದ್ದಾರೆ ಎಂದು ಅವಳು ಮ್ಯಾನೇಜರಿಗೆ ಹೇಳಿದಳು. ಯಾವುದೇ ಬಾಗಿಲು ಎಂದು ನಿಯಮದಲ್ಲಿ ಬರೆದಿದ್ದಾರಲ್ಲ, ಓಣಿಯ ಆಚೆಗಿರುವುದೂ ಬಾಗಿಲೇ ಅಲ್ಲವೇ ಎಂದು ಕೇಳಿದಳು. ಮ್ಯಾನೇಜರು ಟೇಪಣ್ಣನ ಮುಖ ನೋಡಿದರು. ದಿನಕ್ಕೆ ನಾಲ್ಕು ಸಲ ಹೊಕ್ಕು ಹೊರಡುವ ಆ ಒಂದು ಬಾಗಿಲನ್ನೇ ಅವನು ಅಳೆದಿರಲಿಲ್ಲ. ಟೇಪು ಹಿಡಿದು ಅಲ್ಲಿಗೆ ಹೋದರೆ ಏನು ಎತ್ತ ಎಂದು ಅವಳು ಕೇಳುತ್ತಾಳೆ ಎಂಬ ಭಯ. ಅಳತೆಯ ಅಭಿಮಾನವೆಲ್ಲ ಅಲ್ಲೇ ನೀರಾಗಿಹೋಯಿತು.

"ನನ್ನ ಟೇಪು ಐದೇ ಅಡಿ. ನಿಮ್ಮದು ಕೊಡಿ" ಎಂದು ಅವಳು ಕೈ ಚಾಚಿದಳು.

ಐದು ದಿನದಿಂದ ಹಪಹಪಿಸುತ್ತಿದ್ದ ಕೈ ತಾನಾಗಿಯೇ ಎಡಕ್ಕೆ ಹೋಯಿತು. ಡಬ್ಬಿ ಬಾಯಿ ಬಿಟ್ಟು, ಮೂರು ಸಿಗರೇಟು ಹಳದಿ ವೃತ್ತದ ನಟ್ಟನಡುವೆ ಉದುರಿದವು. ಅವಳು ಕೆಳಗೆ ನೋಡಲೇ ಇಲ್ಲ.

"ಅದಲ್ಲ. ಇನ್ನೊಂದು."

ಅವನು ಬಲಗಡೆಯದನ್ನು ಕೊಟ್ಟ. ಒಂದು ತುದಿ ಅವಳ ಹೊಸ್ತಿಲಲ್ಲಿ, ಇನ್ನೊಂದು ತುದಿ ಅವನ ಕಾಲ ಬಳಿ. ಇಪ್ಪತ್ತೆರಡಡಿ ಮೂರಂಗುಲ. ಅವಳು ಓದಿದಳು, ಅವನು ಹೌದೆಂದ. ಹನ್ನೊಂದು ಮಂದಿ ಹೆಣ ಎತ್ತಿದವರ ಹಾಗೆ ಮುಖ ಮಾಡಿಕೊಂಡು ಚದುರಿದರು.

ಗೆರೆ ಕೆರೆದು ಅಳಿಸುತ್ತ, ಯಾವಾಗಿನಿಂದ ಗೊತ್ತು ಎಂದು ಅವನು ತಲೆಯೆತ್ತದೆ ಕೇಳಿದ.

"ಹಳೇ ಶರ್ಟಿನ ಜೇಬಿನ ಮೂಲೇಲಿ ಸಿಗರೇಟಿನ ಪುಡಿ ಸಿಕ್ತಿತ್ತಲ್ಲ, ಆವಾಗಿಂದ. ಅದಕ್ಕೇ ಜೇಬು ಇಡಲಿಲ್ಲ. ಬಟ್ಟೆ ಅರ್ಧ ಮೀಟರ್ ಮಿಕ್ಕಿತ್ತು, ಪಾಪೂಗೆ ಅಂಗಿ ಹೊಲಿದೆ. ನಿಮ್ಮ ಶರ್ಟಿಂದೇ ಚೌಕಳಿ ಅವಳ ಮೈಮೇಲೆ ನೋಡಿದ್ರಿ, ಎತ್ತಿ ಆಡಿಸಿದ್ರಿ. ಬಟ್ಟೆ ಎಲ್ಲಿಂದ ಬಂತು ಅಂತ ಒಂದ್ಸಲನಾದ್ರೂ ಅನ್ನಿಸಲಿಲ್ವಾ?"

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಜವಾಗಿಯೂ ನಾಚಿಕೆಯಾಯಿತು, ನೋವೂ ಆಯಿತು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಡಗಡೆಯ ಡಬ್ಬಿಯನ್ನು ಬಿಚ್ಚಿ ಅವಳ ಕೈಗೆ ಕೊಟ್ಟ. ಅವಳು ಅದರಲ್ಲಿ ಗುಂಡಿಗಳನ್ನು ತುಂಬಿಟ್ಟಳು.

ಎರಡು ತಿಂಗಳ ಮೇಲೆ ಅವನಿಗೆ ಹೊಸ ಶರ್ಟು ಬಂತು, ಜೇಬು ಸಮೇತ. ಅವನು ಹಿರಿಹಿರಿ ಹಿಗ್ಗಿ ಬೆರಳು ತೂರಿಸಲು ನೋಡಿದ. ಬೆರಳು ಹೋಗಲಿಲ್ಲ. ಜೇಬಿನ ಬಾಯಿಗೆ ಉದ್ದಕ್ಕೂ ಹೊಲಿಗೆ ಬಿದ್ದಿತ್ತು.

"ಒಂದು ವರ್ಷ ಆಗ್ಲಿ, ಬಿಚ್ಚಿ ಕೊಡ್ತೀನಿ" ಎಂದಳು ಅವಳು, ಯಂತ್ರದಿಂದ ತಲೆಯೆತ್ತದೆ.