ತಟ್ಟಿದರೆ ಬಿಡಬೇಕು

ಶೇಖರ ಮಾಸ್ಟ್ರ ಎಡಗಿವಿ ಬಿಸಿಲಿಗೆ ಒಣಗಿಸಿದ ಪುನರ್ಪುಳಿ ಸಿಪ್ಪೆಯ ಹಾಗೆ ಮುದುಡಿ ಗಟ್ಟಿಯಾಗಿತ್ತು. ಹೊಸದಾಗಿ ಸೇರಿದ ಮಕ್ಕಳ ಕಣ್ಣೆಲ್ಲ ಅದರ ಮೇಲೆಯೇ. ಅವರು ಗದರುತ್ತಿರಲಿಲ್ಲ. ಮಂಡಿಯೂರಿ ಕೂತು, ತಲೆ ಬಗ್ಗಿಸಿ, "ಮುಟ್ಟಿ ಕಾಣಿ, ಕಚ್ಚುದಿಲ್ಲೆ. ಇದ್ ಮುಂಬೈಲಿ ಕೊಟ್ಟ ಸರ್ಟಿಫಿಕೇಟ್. ಮಳೆಗೆ ಚಂಡಿ ಆರೂ ಹಾಳಾತಿಲ್ಲೆ" ಎನ್ನುತ್ತಿದ್ದರು. ಬಲಗೈ ಮೊಣಕೈಯ ಹತ್ತಿರ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಮದುವೆ ಮನೆಯಲ್ಲಿ 'ಸಾಕು' ಎಂದು ಕೈ ಅಡ್ಡ ಚಾಚಿದರೆ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಬಡಿಸುವವರು ಸಂಕೋಚವೆಂದು ತಿಳಿದು ಮತ್ತೆ ಬಡಿಸುತ್ತಿದ್ದರು. "ಈ ಕೈಯಿಂದ ಒಂದ್ ಲಾಭ ಇತ್ತ್, ರಾಮಣ್ಣ. ಹೋದಲ್ಲೆಲ್ಲ ಎರಡ್ ಹೋಳ್ಗಿ ಜಾಸ್ತಿ" ಎಂದು ನನಗೆ ಹೇಳುತ್ತಿದ್ದರು.

ಅವರ ಬಗ್ಗೆ ನಮ್ಮ ಊರಲ್ಲಿ ಒಂದು ಕೆಟ್ಟ ಮಾತು ಉಳಿದುಕೊಂಡಿದೆ. ಅದನ್ನು ಹುಟ್ಟಿಸಿದವನು ನಾನು. ಈಗ ನನಗೆ ಎಪ್ಪತ್ತು ದಾಟಿತು. ಬರೆದಿಡದೆ ಹೋದರೆ ಆ ಮಾತು ನನಗಿಂತ ಹೆಚ್ಚು ಕಾಲ ಬದುಕುತ್ತದೆ.

ನಾನು ಕೋಟೇಶ್ವರದ ಹತ್ತಿರ ಒಂದು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದೆ. ಓದಿದ್ದು ಹತ್ತನೇ ತರಗತಿವರೆಗೆ. ಭಟ್ಟಿಯಿಂದ ಇಳಿಸಿದ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಬಿರುಕು ಬಿಟ್ಟದ್ದನ್ನು ಬೇರೆ ಹಾಕಿಸುತ್ತಿದ್ದೆ. ಅರವತ್ತು ಜನ ನನ್ನ ಮಾತು ಕೇಳುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಧಣಿಗಳು ಬೀಗದ ಕೈ ನನಗೆ ಕೊಟ್ಟು ಹೋದರು. ಉಳಿದದ್ದು ಅದೊಂದೇ; ಮೇಸ್ತ್ರಿ ಎಂದು ಕರೆಯುವವರೂ ಕಡಿಮೆಯಾದರು.

ಎರಡು ಸಾವಿರದ ಹತ್ತರ ಸುಮಾರಿಗೆ ಒಂದು ಬೆಳಿಗ್ಗೆ ಶೇಖರ ಮಾಸ್ಟ್ರು ಸೈಕಲ್ಲಿನಲ್ಲಿ ಬಂದು, ಕಾರ್ಖಾನೆಯಲ್ಲಿ ಹಸಿ ಹಂಚು ಒಣಗಿಸುತ್ತಿದ್ದ, ಹಂಚಿನ ಮಾಡಿನ ದೊಡ್ಡ ಚಪ್ಪರವನ್ನು ಮಕ್ಕಳಿಗೆ ಕಲಿಸಲು ಕೊಡುತ್ತೀರಾ ಎಂದು ಕೇಳಿದರು. ಬೈಂದೂರಿನ ಕಡೆಯ ಮೀನುಗಾರರ ಮನೆಯವರು. ತೊಂಬತ್ತೇಳರಲ್ಲಿ ಮುಂಬೈಗೆ ಹೋದಾಗ ಹದಿನೇಳು ವರ್ಷ. ನಮ್ಮೂರಿನವರದೇ ಹೋಟೆಲಿನಲ್ಲಿ ಪ್ಲೇಟು ತೊಳೆಯುತ್ತ, ಸಂಜೆ ಜೂಡೋ ಕಲಿತರು. ಆಮೇಲೆ ಒದೆತ, ಗುದ್ದು, ಕುಸ್ತಿ ಎಲ್ಲ ಒಂದೇ ಆಟದಲ್ಲಿ ಸೇರಿದ, ಬಲೆಯ ಬೇಲಿಯೊಳಗೆ ನಡೆಯುವ ಆ ಪಂದ್ಯಕ್ಕೆ ಇಳಿದರು. ಮಿಶ್ರ ಸಮರಕಲೆ ಎಂದು ಪತ್ರಿಕೆಯವರು ಬರೆಯುತ್ತಾರೆ. ನಮ್ಮವರು 'ಬೋನಿನ ಕುಸ್ತಿ' ಎನ್ನುತ್ತಿದ್ದರು. ತಮ್ಮ ತೂಕದವರಲ್ಲಿ ಅವರು ಎರಡು ವರ್ಷ ಚಾಂಪಿಯನ್. ಗೆದ್ದವರು ಸೊಂಟಕ್ಕೆ ಕಟ್ಟುವ, ಮೊರದಷ್ಟು ಅಗಲದ ಹಿತ್ತಾಳೆ ಬಿಲ್ಲೆಯ ಪಟ್ಟಿ ಕೊಟ್ಟಿದ್ದರಂತೆ. ಊರಿಗೆ ತಂದಾಗ ಅವರ ತಾಯಿ ತಿರುಗಿಸಿ ಮುರುಗಿಸಿ ನೋಡಿ, "ಇದನ್ನ್ ಕಟ್ಕಂಡ್ ಎಲ್ಲಿಗ್ ಹೋಪುದಾ, ಮಗಾ?" ಎಂದು ಕೇಳಿದರಂತೆ. ಈ ಕತೆಯನ್ನು ಅವರು ನೂರು ಸಲ ಹೇಳಿದ್ದಾರೆ. ನೂರು ಸಲವೂ ಅವರೇ ಮೊದಲು ನಗುತ್ತಿದ್ದರು.

ನಾನು ಒಪ್ಪಿ ಬೀಗದ ಕೈ ಕೊಟ್ಟೆ. ಚಪ್ಪರದ ನೆಲಕ್ಕೆ ಅಕ್ಕಿ ಮಿಲ್ಲಿನಿಂದ ಉಮಿ ತಂದು ಗೋಣಿಗಳಲ್ಲಿ ತುಂಬಿ, ಮೇಲೆ ದೋಣಿಯ ಹಳೇ ಟಾರ್ಪಾಲು ಬಿಗಿದರು. ಅದೇ ಅಖಾಡ. ದಿನವೂ ಅದನ್ನು ತಾವೇ ಬೈರಾಸಿನಿಂದ, ಹೆಗಲ ಮೇಲಿನ ಆ ಟವೆಲಿನಿಂದ, ಒರೆಸುತ್ತಿದ್ದರು. ಮಕ್ಕಳ ಕೈಗೆ ಬಿಡುತ್ತಿರಲಿಲ್ಲ.

ಚಾಂಪಿಯನ್ ಕಲಿಸುತ್ತಾರೆಂದು ಬಂದ ಮಕ್ಕಳಿಗೆ ಮೊದಲ ತಿಂಗಳು ನಿರಾಸೆಯೇ. ಒದೆಯುವುದಿಲ್ಲ, ಗುದ್ದುವುದಿಲ್ಲ. ಬರೀ ತಟ್ಟುವುದು. ಎದುರಿನವನು ಕೈಯನ್ನೋ ಕುತ್ತಿಗೆಯನ್ನೋ ಹಿಡಿದು ತಿರುಗಿಸಿದಾಗ, ನೋವು ಶುರುವಾಗುವ ಮೊದಲೇ ಅವನ ಮೈಗೋ ನೆಲಕ್ಕೋ ಮೂರು ಸಲ ತಟ್ಟಬೇಕು. ತಟ್ಟಿದರೆ ಸೋತಂತೆ. ತಟ್ಟಿದ ಕೂಡಲೇ ಹಿಡಿದವನು ಬಿಡಬೇಕು. ಒಂದು ಕ್ಷಣ ತಡವಾಗಿ ಬಿಟ್ಟವನನ್ನು ಒಂದು ವಾರ ಹೊರಗೆ ಕೂರಿಸುತ್ತಿದ್ದರು.

"ಸೋಲುದನ್ನ್ ಕಲ್ಸುಕೆ ಮುಂಬೈಯಿಂದ ಬರ್ಕಾ, ಮಾಸ್ಟ್ರೆ?" ಎಂದು ನಾನೇ ಒಮ್ಮೆ ಹಂಗಿಸಿದ್ದೆ.

ಅವರು ಬಗ್ಗಿದ ಕೈ ತೋರಿಸಿದರು. "ಮೂರ್ನೇ ವರ್ಷ ಪಟ್ಟಿ ಉಳ್ಸುಕೆ ಆಡ್ತಾ ಇದ್ದೆ. ನಮ್ ಹೋಟೆಲಿನವ್ರೆಲ್ಲ ಬಾಗ್ಲ್ ಹಾಕಂಡ್ ಕಾಂಬುಕೆ ಬಂದಿದ್ರ್. ಅವ್ರ್ ಎದ್ರ್ ಹ್ಯಾಂಗ್ ತಟ್ಟುದ್ ಅಂದೇಳಿ ತಡ್ಕಂಡೆ. ಪಟ್ಟಿಯೂ ಹೋಯ್ತ್, ಕೈಯೂ ಹೋಯ್ತ್. ತಟ್ಟಿದ್ರೆ ಪಟ್ಟಿ ಒಂದೇ ಹೋತಿತ್ತ್, ರಾಮಣ್ಣ."

ನಾನು ಕೇಳಿಸಿಕೊಂಡೆ. ತಲೆಗೆ ಹೋಗಲಿಲ್ಲ.

ಮೀನು ಮಾರುವ ಗಿರಿಜಕ್ಕನ ಮಗಳು ಬರಲು ಶುರು ಮಾಡಿದಾಗ ಗಿರಿಜಕ್ಕ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡೇ ಜಗಳಕ್ಕೆ ಬಂದಳು.

"ಹ್ವಾಯ್ ಮಾಸ್ಟ್ರೆ, ನನ್ ಹೆಣ್ಣಿಗ್ ಗಂಡ್ ಸಿಕ್ಕುದ್ ಬ್ಯಾಡ್ದಾ? ಎಂತಕ್ ಹೊಡ್ದಾಟ ಕಲ್ಸುದ್?"

"ಮೊದ್ಲ್ ಬುಟ್ಟಿ ಇಳ್ಸಿ, ಗಿರಿಜಕ್ಕ. ನನ್ ಕೈ ಹಿಡ್ಕಣಿ. ಗಟ್ಟಿ ಹಿಡ್ಕಣಿ."

ಮೂವತ್ತು ವರ್ಷ ಬುಟ್ಟಿ ಎತ್ತಿದ ಕೈ. ಅವಳು ಹಿಡಿದು ತಿರುಚಿದಳು. ಮಾಸ್ಟ್ರು ಅವಳ ತೋಳಿಗೆ ಮೂರು ಸಲ ತಟ್ಟಿ, "ಸೋತೆ, ಸೋತೆ, ಬಿಡಿ ಮಾರಾಯ್ರೆ!" ಎಂದು ಕೂಗಿದರು.

"ಇಷ್ಟಕ್ಕೇ ಚಾಂಪಿಯನ್ನಾ ನೀವ್?"

"ತಟ್ರೆ ಬಿಡ್ಕ್, ಗಿರಿಜಕ್ಕ. ನಿಮ್ ಹೆಣ್ಣಿಗ್ ಕಲ್ಸುದೂ ಅದನ್ನೇ. ಯಾರಾರೂ ಬಿಡ್ದಿದ್ರೆ ಎಂತ ಮಾಡ್ಕ್ ಅಂಬುದನ್ನ್ ಆಮೇಲ್ ಕಲ್ಸ್ತೆ."

ಗಿರಿಜಕ್ಕ ಕೈ ಬಿಟ್ಟಳು. ಹೋಗುವಾಗ ಎಲೆಯಲ್ಲಿ ಸುತ್ತಿ ನಾಲ್ಕು ಬಂಗುಡೆ ಇಟ್ಟು ಹೋದಳು.

ನನ್ನ ಮಗ ಪ್ರದೀಪ ಅವರಲ್ಲಿಗೆ ಹೋದದ್ದು ಪಿಯುಸಿ ಫೇಲಾದ ವರ್ಷ. ಮನೆಯಲ್ಲಿ ತಲೆ ತಗ್ಗಿಸಿ ಓಡಾಡುತ್ತಿದ್ದ ಹುಡುಗ ಆರು ತಿಂಗಳಲ್ಲಿ ಬೇರೆಯೇ ಆದ. ಮಾಸ್ಟ್ರು ಅವನಿಗೆ ಬೇರೆಯವರಿಗಿಂತ ಹೆಚ್ಚು ಬೈಯುತ್ತಿದ್ದರು. ಅದು ಪ್ರೀತಿ ಎಂದು ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷಕ್ಕೆ ಬ್ರಹ್ಮಾವರದ ಒಂದು ಸಭಾಭವನದಲ್ಲಿ ಪಂದ್ಯ ಏರ್ಪಾಡಾಯಿತು. ಪೇಟೆಯ ತಿರುವಿನಲ್ಲಿ ಪ್ರದೀಪನ ಫೋಟೋದ ಬ್ಯಾನರ್ ಬಿತ್ತು. ಬಸ್ಸಿನಲ್ಲಿ ಜನ ಸೀಟು ಬಿಟ್ಟುಕೊಟ್ಟು, "ಕೂಕಣಿ ಮೇಸ್ತ್ರಿ" ಎನ್ನತೊಡಗಿದರು. ಎಷ್ಟೋ ವರ್ಷದ ಮೇಲೆ ಆ ಮಾತು ಕೇಳಿದ್ದೆ. ಅದರ ರುಚಿ ಹತ್ತಿತು.

ಪಂದ್ಯದ ದಿನ ಬೆಳಿಗ್ಗೆ ಅವನು ಗಂಜಿ ಉಣ್ಣುತ್ತಿದ್ದಾಗ ನಾನು ಎದುರು ಕೂತೆ.

"ಇವತ್ತ್ ಭಟ್ಟಿ ಕೆಲ್ಸದವ್ರೆಲ್ಲ ಬತ್ರ್. ಮುಂದಿನ್ ಸಾಲಲ್ಲೇ ಕೂಕಂತ್ರ್. ಸೋತ್ರೆ ಸೋಲ್. ಅವ್ರ್ ಎದ್ರ್ ಆ ತಟ್ಟುದೊಂದ್ ಮಾತ್ರ ಬ್ಯಾಡ, ಮಗಾ."

"ಮಾಸ್ಟ್ರ್ ಬೈತ್ರ್, ಅಪ್ಪಯ್ಯ."

"ಮಾಸ್ಟ್ರಿಗೆಂತ, ಅವ್ರ್ ಬೈಂದೂರಿನವ್ರ್. ಈ ಊರಲ್ಲಿ ತಲಿ ಎತ್ತಿ ತಿರುಗ್ಕಾದವ ನಾನ್."

ಅವನು ಬಟ್ಟಲು ತೊಳೆದಿಟ್ಟು ಹೋದ.

ಎರಡನೇ ಸುತ್ತಿನಲ್ಲಿ ಮಂಗಳೂರು ಕಡೆಯ ಹುಡುಗ ಪ್ರದೀಪನನ್ನು ಕೆಡವಿ, ಅವನ ಬಲಗೈಯನ್ನು ತನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಎಳೆಯತೊಡಗಿದ. ಪ್ರದೀಪನ ಎಡಗೈ ಖಾಲಿ ಇತ್ತು. ಅದು ನೆಲದಿಂದ ಒಂದು ಗೇಣು ಮೇಲಕ್ಕೆ ಎದ್ದಿತು. ಅಂಗೈ ಬಿಚ್ಚಿತ್ತು. ಅವನು ನೋಡಿದ್ದು ಮೂಲೆಯಲ್ಲಿ ನಿಂತ ಮಾಸ್ಟ್ರನ್ನಲ್ಲ, ಮುಂದಿನ ಸಾಲಿನಲ್ಲಿದ್ದ ನನ್ನನ್ನು.

ನಾನು ತಲೆ ಅಲ್ಲಾಡಿಸಿದೆ.

ಬೇಡ, ಎಂದು. ಅಷ್ಟೇ ನಾನು ಮಾಡಿದ್ದು. ಆ ಕೈ ಮುಷ್ಟಿಯಾಗಿ ಕೆಳಗೆ ಬಂತು. ಸೋಲೊಪ್ಪಿ ಪಂದ್ಯ ನಿಲ್ಲಿಸಲು ಮಾಸ್ಟ್ರು ಎಸೆದ ಬೈರಾಸು ನಡುವೆ ಬೀಳುವುದಕ್ಕೂ ರೆಫ್ರಿ ನುಗ್ಗುವುದಕ್ಕೂ ಒಂದು ಉಸಿರಿನಷ್ಟು ಮೊದಲೇ ಆ ಸದ್ದು ಬಂದಿತ್ತು. ಮೂವತ್ತು ವರ್ಷ ಹಂಚಿನ ಸದ್ದು ಕೇಳಿದ ಕಿವಿ ನನ್ನದು. ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಜನ ಸೇರಿದ್ದರು. ನನ್ನ ಹೆಂಡತಿ ಜಲಜ ಮನೆಯಿಂದ ಓಡಿಬಂದು, "ಎಂತ ಆಯ್ತ್? ಹ್ಯಾಂಗ್ ಆಯ್ತ್?" ಎಂದು ನನ್ನ ಅಂಗಿ ಹಿಡಿದು ಕೇಳಿದಳು. ಭಟ್ಟಿಯವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಮಾಸ್ಟ್ರ ಕಡೆ ಬೆರಳು ತೋರಿಸಿದೆ.

"ಇವ್ರನ್ನೇ ಕೇಳ್! ಬೈರಾಸ್ ಕೈಯಲ್ಲೇ ಇತ್ತ್. ಶಿಷ್ಯ ಗೆಲ್ತ, ತನ್ ಹೆಸ್ರಾತ್ತ್ ಅಂದೇಳಿ ಕಾಯ್ತಾ ನಿಂತಿದ್ರ್. ಹೆಸ್ರಿನ ಆಸೆಗೆ ನನ್ ಮಗನ ಕೈ ಮುರ್ಸಿದ್ರ್!"

ಮಾಸ್ಟ್ರು ನನ್ನನ್ನು ನೋಡಿದರು. ನನ್ನ ತಲೆ ಅಲ್ಲಾಡಿದ್ದನ್ನು ಅವರು ಕಂಡಿದ್ದಾರೆ ಎಂದು ನನಗೆ ಆಗಲೇ ಗೊತ್ತಾಯಿತು. ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಜಲಜಳ ಕಡೆ ತಿರುಗಿ ಕೈ ಮುಗಿದರು. ಒಂದು ಕೈ ನೆಟ್ಟಗೆ, ಒಂದು ಸೊಟ್ಟ.

"ಹೌದ್ ಅಮ್ಮ. ನಾನ್ ತಡ ಮಾಡ್ದೆ."

ಆ ಮಾತು ಕುಂದಾಪುರದಿಂದ ಸಾಲಿಗ್ರಾಮದವರೆಗೂ ಹೋಯಿತು. ಹದಿನೈದು ದಿನದಲ್ಲಿ ಚಪ್ಪರ ಖಾಲಿ. ಗಿರಿಜಕ್ಕ ಒಬ್ಬಳೇ ಮಗಳನ್ನು ಬಿಡಿಸಲಿಲ್ಲ. ಕಲಿಯುವವಳು ಒಬ್ಬಳಾದರೆ ಆಡಲು ಜೊತೆ ಯಾರು? ಕೊನೆಗೆ ನಾನೇ ಹೋಗಿ ಬೀಗದ ಕೈ ವಾಪಸು ಕೇಳಿದೆ. ಅವರು ಟಾರ್ಪಾಲು ಒರೆಸುತ್ತಿದ್ದರು. ಒರೆಸಿ ಮುಗಿಸಿ, ಬೈರಾಸು ಹಿಂಡಿ, ಆಮೇಲೆ ಕೊಟ್ಟರು. ಸುತ್ತ ಯಾರೂ ಇರಲಿಲ್ಲ. ಕೇಳಬಾರದಿತ್ತು, ಕೇಳಿಬಿಟ್ಟೆ.

"ಅವತ್ತ್ ನೀವ್ ಎಂತಕ್ ಹೇಳ್ಲಿಲ್ಲೆ?"

"ಮಾಣಿ ಬಾಗ್ಲ್ ಹಿಂದೇ ಮಲ್ಕಂಡಿದ್ದ, ರಾಮಣ್ಣ. ಎಲ್ಲ ಕೇಂತಿತ್ತ್ ಅವ್ನಿಗೆ. ಮಾಸ್ಟ್ರ್ ಬೇಕಾರೆ ಬೇರೆ ಸಿಕ್ತ್ರ್. ಅಪ್ಪಯ್ಯ ಸಿಕ್ತ್ರಾ?" ಸೈಕಲ್ಲಿನ ಸ್ಟ್ಯಾಂಡು ಒದ್ದು, ಸ್ವಲ್ಪ ತಡೆದು ಮತ್ತೆ ಹೇಳಿದರು: "ನಾನ್ ತಡ ಮಾಡಿದ್ದೂ ಸುಳ್ಳಲ್ಲ. ಕೈ ಎತ್ತಿದ್ದ ಅಲ್ದಾ. ತಟ್ತ ಅಂದೇಳಿ ನಂಬ್ದೆ."

ಆಮೇಲೆ ಅವರು ಬೈಂದೂರಿಗೆ ಹೋದರು. ದಡದಲ್ಲಿ ಕೂತು ಬಲೆ ಹೆಣೆಯುತ್ತಾರೆ, ಸಂಜೆ ನಾಲ್ಕೈದು ಮಕ್ಕಳಿಗೆ ಮರಳಿನ ಮೇಲೆ ಕಲಿಸುತ್ತಾರೆ ಎಂದು ಕೇಳಿದೆ. ಆ ಕಡೆ ಹೋಗುವ ಬಸ್ಸು ದಿನಕ್ಕೆ ಎಷ್ಟೋ ಸಲ ನಮ್ಮ ಮನೆಯ ಮುಂದೆಯೇ ನಿಲ್ಲುತ್ತಿತ್ತು. ನಾನು ಹತ್ತಲಿಲ್ಲ. ಪ್ರದೀಪ ಮಾತ್ರ ತಿಂಗಳಿಗೊಮ್ಮೆ ಹೋಗಿಬರುತ್ತಿದ್ದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆಸ್ಪತ್ರೆಯ ದಿನದ ಬಗ್ಗೆ ಅವನು ಒಂದೇ ಒಂದು ಮಾತು ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಎತ್ತಲಿಲ್ಲ.

ಐದು ವರ್ಷದ ಮೇಲೆ ಅವನೇ ಬಂದು ನಿಂತ. "ಅಪ್ಪಯ್ಯ, ಮಾಸ್ಟ್ರಿಗೆ ಹೊಟ್ಟಿಯೊಳ್ಗ್ ಗಡ್ಡಿ ಅಂಬ್ರ್. ಜಾಸ್ತಿ ದಿನ ಇಲ್ಲೆ. ನೀವ್ ಒಂದ್ ಸಲ ಹೋಯಿ ಬನ್ನಿ."

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಹೇಳಿಕೊಂಡು ಹೋದೆ. 'ತಪ್ಪು ನನ್ನದು. ಊರವರ ಮುಂದೆ ಹೇಳುತ್ತೇನೆ.' ಮರವಂತೆಯಲ್ಲಿ ಬಸ್ಸು ಸಮುದ್ರದ ಪಕ್ಕಕ್ಕೆ ಬಂದಾಗ ಅದು ಬಾಯಿಪಾಠವಾಗಿತ್ತು.

ಅವರು ಜಗಲಿಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೈಯೆಲ್ಲ ಇಳಿದುಹೋಗಿ, ಕಿವಿ ಒಂದು ಹಾಗೆಯೇ ಉಳಿದಿತ್ತು. ಪಕ್ಕದ ಮನೆಯ ನಾಲ್ಕು ಜನ ನೋಡಲು ಬಂದಿದ್ದರು.

"ಹೋ, ರಾಮಣ್ಣ! ಕೂಕಣಿ. ಅಬ್ಬೀ, ಚಾ ಮಾಡ್" ಎಂದು ಒಳಗಿದ್ದ ತಾಯಿಗೆ ಕೂಗಿ, ನನ್ನ ಕಡೆ ತಿರುಗಿದರು. "ಪ್ರದೀಪನ ಕೈ ನೆಟ್ಟಗ್ ಆತಿಲ್ಲೆ ಅಲ್ದಾ?"

"ಇಲ್ಲೆ. ನಿಮ್ದ್ರ ಹಾಂಗೇ."

"ಹಾಂಗಾರೆ ಮದಿ ಮನೆಲಿ ಅವ್ನಿಗೂ ಎರಡ್ ಹೋಳ್ಗಿ ಜಾಸ್ತಿ" ಎಂದು ನಕ್ಕರು. ನಗು ಕೆಮ್ಮಾಯಿತು.

ಚಹಾ ಕುಡಿದೆ. ಮೀನಿನ ಮಾತಾಯಿತು, ಮಳೆಯ ಮಾತಾಯಿತು. ಏಳುವಾಗ ಅವರು ನನ್ನ ಕೈ ಹಿಡಿದರು. ಅಷ್ಟು ಬಡಕಲಾದ ಮೈಯಲ್ಲಿ ಆ ಹಿಡಿತ ಎಲ್ಲಿ ಉಳಿದಿತ್ತೋ. ಬಿಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು, ಸಿಟ್ಟಿಲ್ಲದೆ, ತಟ್ಟುವುದನ್ನು ಕಲಿಯುವ ಮಕ್ಕಳನ್ನು ತಿಂಗಳುಗಟ್ಟಲೆ ನೋಡುತ್ತಿದ್ದ ಹಾಗೆ. ಅವರು ಕಾಯುತ್ತಿದ್ದರು. ಬಾಯಿಪಾಠದ ಮಾತೂ ಬೇಕಾಗಿರಲಿಲ್ಲ. ಅವರ ತೋಳಿಗೆ ಮೂರು ಸಲ ತಟ್ಟಿದ್ದರೆ ಸಾಕಿತ್ತು. ನನ್ನ ಎಡಗೈ ಖಾಲಿ ಇತ್ತು.

ಜಗಲಿಯಲ್ಲಿ ಕೂತ ಆ ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು.

"ಬಸ್ಸಿನ ಹೊತ್ತಾಯ್ತ್, ಮಾಸ್ಟ್ರೆ" ಎಂದು ಕೈ ಎಳೆದುಕೊಂಡು ಬಂದೆ.

ಹನ್ನೆರಡನೇ ದಿನ ಅವರು ತೀರಿಕೊಂಡರು. ಪ್ರದೀಪ ಹೆಗಲು ಕೊಟ್ಟ. ನಾನು ಹೋಗಲಿಲ್ಲ. ಬೀಗ ತೆಗೆದು ಚಪ್ಪರದೊಳಗೆ ಹೋದೆ. ಟಾರ್ಪಾಲು ಅಲ್ಲೇ ಇತ್ತು, ಅಲ್ಲಲ್ಲಿ ಇಲಿ ಕಡಿದು ಉಮಿ ಹೊರಬಂದಿತ್ತು. ಮಂಡಿಯೂರಲು ಬಹಳ ಹೊತ್ತು ಬೇಕಾಯಿತು. ಅಂಗೈ ಬಿಚ್ಚಿ ತಟ್ಟಿದೆ. ಒಂದು. ಎರಡು. ಮೂರು. ಹಳೆಯ ಉಮಿಯ ಧೂಳು ಎದ್ದು, ಹಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತಿತು.

ಬಿಡಬೇಕಾದವರು ಅಲ್ಲಿರಲಿಲ್ಲ.